ಮುಚ್ಚಳ ತೆರೆಯದ ಯಂತ್ರ

ಒಂದು ವಸ್ತುವನ್ನು ನಮ್ಮದೆಂದು ಹೇಳುವಾಗ ಆ ಮಾತಿನ ಅರ್ಥವೇನು? ಹಣ ಕೊಟ್ಟು ತಂದುದರಿಂದ ಅದು ನಮ್ಮದೆ, ಕೈಯಲ್ಲಿರುವುದರಿಂದ ನಮ್ಮದೆ, ಅಥವಾ ಅದರ ಒಳಹೊರಗುಗಳನ್ನು ಬಲ್ಲೆವಾದುದರಿಂದ ನಮ್ಮದೆ? ನಮ್ಮ ನೈಯಾಯಿಕರು ಸ್ವತ್ವವೆಂಬ ಈ ವಿಷಯವನ್ನು ಬಹು ಸೂಕ್ಷ್ಮವಾಗಿ ವಿಚಾರಿಸಿದ್ದಾರೆ. ಇಷ್ಟಬಂದಂತೆ ವಿನಿಯೋಗಿಸಲು ಯೋಗ್ಯವಾಗಿರುವುದೇ ಸ್ವತ್ವವೆಂದು ಒಂದು ಪಕ್ಷ. ಹಾಗಲ್ಲ, ಅದು ಬೇರೆಯೇ ಒಂದು ಪದಾರ್ಥವೆಂದು ರಘುನಾಥ ಶಿರೋಮಣಿಯ ಪಕ್ಷ. ಪಾಠಶಾಲೆಯಲ್ಲಿ ಈ ವಾದವನ್ನು ಕೇಳಿದಾಗ ಇದು ತರ್ಕದವರ ಬಾಯಿಚಪಲವೆಂದು ನಾನು ಒಳಗೊಳಗೇ ನಕ್ಕಿದ್ದೆನು. ನಲವತ್ತು ವರ್ಷಗಳ ಮೇಲೆ ಮಂಡ್ಯದ ಒಂದು ಅಂಗಡಿಯ ಗಾಜಿನ ಮೇಜಿನ ಮುಂದೆ ನಿಂತಾಗ ಅದೇ ವಾದವು ನೆನಪಿಗೆ ಬಂದಿತು. ಆಗ ನಗು ಬರಲಿಲ್ಲ.

ಸಂಗತಿ ಇಷ್ಟೆ. ನನ್ನ ಸಹಧರ್ಮಿಣಿ ತೀರಿಕೊಂಡು ಮೂರು ವರ್ಷಗಳಾದುವು. ಆಕೆ ತನ್ನ ತಾಯಿಯಿಂದ ಕಲಿತಿದ್ದ ಹಸೆಯ ಹಾಡು, ಆರತಿಯ ಹಾಡು, ತೊಟ್ಟಿಲ ಹಾಡುಗಳನ್ನು ಕಡೆಯ ದಿನಗಳಲ್ಲಿ ಮಗಳ ಬಲವಂತಕ್ಕಾಗಿ ತನ್ನ ಮೊಬೈಲು ಫೋನಿನಲ್ಲಿ ಹಾಡಿ ಇಟ್ಟಿದ್ದಳು. ಅವು ಯಾವ ಪುಸ್ತಕದಲ್ಲಿಯೂ ಇಲ್ಲ. ನಾನಂತೂ ಶ್ಲೋಕಗಳನ್ನು ಕಂಠಸ್ಥ ಮಾಡುವ ಗರ್ವದಲ್ಲಿ ಮನೆಯೊಳಗಿನ ಹಾಡುಗಳಿಗೆ ಕಿವಿಗೊಟ್ಟವನಲ್ಲ. ಆ ಫೋನನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟಿದ್ದೆವು. ಹೋದ ವರ್ಷ ತೆಗೆದು ನೋಡಿದರೆ ಒಳಗಿನ ಬ್ಯಾಟರಿಯು ಉಬ್ಬಿ ಬೆನ್ನಿನ ಹಲಗೆಯನ್ನು ಎತ್ತಿಬಿಟ್ಟಿದ್ದಿತು. ಮಳವಳ್ಳಿಯಿಂದ ಮಂಡ್ಯಕ್ಕೆ ಕೊಂಡೊಯ್ದೆನು. ಅಂಗಡಿಯವನು ಅದನ್ನು ಕೈಗೆ ತೆಗೆದುಕೊಳ್ಳಲೂ ಇಲ್ಲ. ಈ ಬಗೆಯದನ್ನು ಬಿಚ್ಚಲಾಗದು, ಅಂಟು ಹಾಕಿ ಮುಚ್ಚಿರುವರು, ಇದರ ಭಾಗಗಳು ಈಗ ಬರುವುದಿಲ್ಲ, ಹಳೆಯದನ್ನು ಕೊಟ್ಟರೆ ಹೊಸದರ ಬೆಲೆಯಲ್ಲಿ ಸ್ವಲ್ಪ ಕಳೆಯುತ್ತೇವೆ ಎಂದನು. ಮಾತು ಸೌಜನ್ಯದ್ದೇ, ಅದರಲ್ಲಿ ದೋಷವಿಲ್ಲ. ಆದರೆ ಆ ವಸ್ತುವಿಗೆ ಹಣ ಕೊಟ್ಟವನು ನಾನು, ಅದರಲ್ಲಿ ಹಾಡಿದವಳು ನನ್ನ ಹೆಂಡತಿ, ಅದರ ಮುಚ್ಚಳವನ್ನು ತೆರೆಯುವ ಅಧಿಕಾರ ಮಾತ್ರ ನಮ್ಮಿಬ್ಬರಿಗೂ ಇಲ್ಲವೆಂದಾಯಿತು.

ನಮ್ಮ ಸೀಮೆಯ ಹಳೆಯ ಉಪಕರಣಗಳಿಗೆ ಇಂತಹ ಮುಚ್ಚಳವಿರಲಿಲ್ಲ. ಎತ್ತಿನ ಗಾಡಿಯ ಕಡಾಣಿ ಸಡಿಲವಾದರೆ ಹತ್ತು ವರ್ಷದ ಹುಡುಗನಿಗೂ ಗೊತ್ತಾಗುತ್ತಿತ್ತು. ಆಲೆಮನೆಯ ಗಾಣವನ್ನು ನೋಡಿರಿ: ಕಬ್ಬು ಎಲ್ಲಿ ಹೊಕ್ಕಿತು, ಹಾಲು ಎಲ್ಲಿ ಇಳಿಯಿತು, ಕೊಪ್ಪರಿಗೆಗೆ ಹೇಗೆ ಹೋಯಿತು ಎಂಬುದೆಲ್ಲವೂ ಕಣ್ಣೆದುರಿಗೇ ನಡೆಯುತ್ತದೆ. ಎತ್ತುಗಳು ಹೋಗಿ ವಿದ್ಯುತ್ತಿನ ಮೋಟಾರು ಬಂದ ಮೇಲೂ ಗಾಣದ ಹಲ್ಲು ಮುರಿದರೆ ಪೇಟೆಯ ಲೇತಿನವನು ಅದನ್ನು ಕಡೆದು ಕೊಡುವನು. ನಮ್ಮ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಕಾವೇರಿಯ ಧುಮುಕನ್ನು ವಿದ್ಯುತ್ತಾಗಿಸಿ 92 ಮೈಲಿಗಳಾಚೆಯ ಕೋಲಾರದ ಚಿನ್ನದ ಗಣಿಗೆ ಕಳುಹಿಸಿದರಷ್ಟೆ. ಆ ನಿಲಯವು ನೂರಿಪ್ಪತ್ತು ವರ್ಷಗಳನ್ನು ಮೀರಿಯೂ ಬದುಕಿದೆ. ಯಂತ್ರಗಳು ಬದಲಾದುವು, ಹೊಸವು ಸೇರಿದುವು, ಸವೆದುದನ್ನು ತೆಗೆದು ಬೇರೆಯದನ್ನು ಕೂಡಿಸಲು ಅವಕಾಶವಿದ್ದುದರಿಂದಲೇ ಅದು ಉಳಿಯಿತು.

ಇದಕ್ಕಿಂತಲೂ ನನ್ನ ಮನಸ್ಸನ್ನು ಹಿಡಿದಿರುವುದು ಕನ್ನಂಬಾಡಿಯ ದೇವಾಲಯ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆಯಿಂದ ಹಳೆಯ ಕನ್ನಂಬಾಡಿಯೂ ಅಲ್ಲಿಯ ವೇಣುಗೋಪಾಲಸ್ವಾಮಿಯ ಗುಡಿಯೂ ನೀರಿನಲ್ಲಿ ಮುಳುಗಿದುವು. ಬರಗಾಲದಲ್ಲಿ ನೀರು ಬಹಳ ಇಳಿದಾಗ ಮಾತ್ರ ಗುಡಿಯು ತಲೆಯೆತ್ತುತ್ತಿದ್ದಿತು. ಮುಂದೆ ಈ ಶತಮಾನದ ಮೊದಲ ವರ್ಷಗಳಲ್ಲಿ ಖೋಡೇ ಪ್ರತಿಷ್ಠಾನದವರು ಅದನ್ನು ಕಲ್ಲುಕಲ್ಲಾಗಿ ಬಿಚ್ಚಿ, ಒಂದೊಂದಕ್ಕೂ ಅಂಕೆಯಿಟ್ಟು, ಹೊಸಕನ್ನಂಬಾಡಿಯಲ್ಲಿ ಜಲಾಶಯದ ದಡದ ಮೇಲೆ ತಿರುಗಿ ಕಟ್ಟಿಸಿದರು. ಹಿನ್ನೀರಿನ ಅಂಚಿನಲ್ಲಿ ನಿಂತು ಆ ಕಂಬಗಳ ಸಾಲನ್ನು ನೋಡಿದವರಿಗೆ ಅದು ಎಂದೂ ಸ್ಥಳ ಬಿಟ್ಟು ಕದಲಿದ್ದೆಂದು ತೋರುವುದೇ ಇಲ್ಲ. ಇಂತಹ ಕಾರ್ಯ ಹೇಗೆ ಸಾಧ್ಯವಾಯಿತು? ಹಣ, ಶ್ರದ್ಧೆ, ಶಿಲ್ಪಿಗಳ ಕೈಚಳಕ ಇವೆಲ್ಲ ಸರಿ. ಆದರೆ ಮೂಲಕಾರಣ ಬೇರೆ. ಆ ಕಾಲದ ನಮ್ಮ ಕಲ್ಲುಕಟ್ಟಡಗಳಲ್ಲಿ ಕಲ್ಲಿಗೆ ಕಲ್ಲನ್ನು ಗಾರೆಯಿಂದ ಅಂಟಿಸುತ್ತಿರಲಿಲ್ಲ. ಕುಳಿಗೆ ಗೂಟವನ್ನು ಕೂಡಿಸಿ, ಭಾರದ ಮೇಲೆ ಭಾರವನ್ನಿಟ್ಟು ನಿಲ್ಲಿಸುತ್ತಿದ್ದರು. 1234ರಲ್ಲಿ ಹರಿಹರ ದಣ್ಣಾಯಕನು ಕಟ್ಟಿಸಿದ ಬಸರಾಳಿನ ಮಲ್ಲಿಕಾರ್ಜುನ ದೇವಾಲಯದಲ್ಲಿ ಬಳಪದ ಕಲ್ಲುಗಳ ಸಂದುಗಳನ್ನು ಕಣ್ಣಿಟ್ಟು ನೋಡಿದರೆ ಈ ಕೌಶಲವು ತಿಳಿಯುತ್ತದೆ. ಕೂಡಿಸಿದವನು ತನಗೆ ತಿಳಿಯದೆಯೇ ಬಿಚ್ಚುವವನಿಗೂ ದಾರಿಯನ್ನಿಟ್ಟಿದ್ದನು. ಆ ದಾರಿ ಇಲ್ಲದಿದ್ದರೆ ಕನ್ನಂಬಾಡಿಯ ಗುಡಿಯನ್ನು ಒಡೆಯಬಹುದಾಗಿತ್ತೇ ಹೊರತು ಬಿಚ್ಚಲಾಗುತ್ತಿರಲಿಲ್ಲ. ಅದನ್ನು ಮುಳುಗಿಸಿದ ಕಟ್ಟೆಯಾದರೋ ಸುರ್ಕಿ ಗಾರೆಯಿಂದ ಬೆಸೆದದ್ದು, ಬಿಚ್ಚಬಾರದೆಂದೇ ಕಟ್ಟಿದ್ದು, ಅದು ಬಿಚ್ಚದಿರುವುದರಿಂದಲೇ ನಾವು ಅನ್ನ ಉಣ್ಣುತ್ತಿದ್ದೇವೆ. ಆದ್ದರಿಂದ ಬಿಚ್ಚಲು ಬರುವುದೆಲ್ಲ ಧರ್ಮ, ಬೆಸೆದುದೆಲ್ಲ ಅಧರ್ಮ ಎಂದು ಹೇಳಲು ನಾನು ಸಿದ್ಧನಿಲ್ಲ.

ಇಲ್ಲಿ ನನ್ನ ಶಾಸ್ತ್ರಾಭಿಮಾನಕ್ಕೆ ಒಂದು ಪೆಟ್ಟು ಬಿದ್ದುದನ್ನು ಮುಚ್ಚಿಡಬಾರದು. ಮುಚ್ಚಿದ ಯಂತ್ರವು ಪಶ್ಚಿಮದವರ ವ್ಯಾಪಾರಬುದ್ಧಿಯ ಫಲವೆಂದೂ, ನಮ್ಮ ಪೂರ್ವಿಕರು ಜೀರ್ಣೋದ್ಧಾರವನ್ನು ಪುಣ್ಯಕಾರ್ಯವೆಂದು ಸಾರಿದವರಾದುದರಿಂದ ಅವರಲ್ಲಿ ಈ ದೋಷವು ಇರಲಾರದೆಂದೂ ಬರೆಯಬೇಕೆಂದು ಕುಳಿತೆನು. ಪ್ರಮಾಣಕ್ಕಾಗಿ ಧಾರಾನಗರದ ಭೋಜರಾಜನ ಹೆಸರಿನಲ್ಲಿರುವ, ಹನ್ನೊಂದನೆಯ ಶತಮಾನದ ಸಮರಾಂಗಣಸೂತ್ರಧಾರದ ಮೂವತ್ತೊಂದನೆಯ ಅಧ್ಯಾಯವಾದ ಯಂತ್ರವಿಧಾನವನ್ನು ತೆರೆದೆನು. ಅಲ್ಲಿ ಒಳ್ಳೆಯ ಯಂತ್ರದ ಗುಣಗಳ ದೊಡ್ಡ ಪಟ್ಟಿಯೇ ಇದೆ: ಸಂದುಗಳು ಚೆನ್ನಾಗಿ ಕೂಡಿರುವುದು, ನುಣುಪು, ಹಗುರ, ಸದ್ದಿಲ್ಲದಿರುವಿಕೆ, ಸಡಿಲವಾಗದಿರುವಿಕೆ, ಬಹುಕಾಲ ಬಾಳುವಿಕೆ. ಇಂದಿನ ಯಾವ ವಿನ್ಯಾಸಕಾರನಾದರೂ ಗೋಡೆಗೆ ತೂಗುಹಾಕಿಕೊಳ್ಳಬಹುದಾದ ಪಟ್ಟಿ. ಆದರೆ ಅದೇ ಪಟ್ಟಿಯಲ್ಲಿ ಅಲಕ್ಷ್ಯತೆ ಎಂಬುದೂ ಒಂದು ಗುಣ; ಎಂದರೆ ಒಳಗಿನ ವ್ಯಾಪಾರವು ನೋಡುವವನಿಗೆ ಗೋಚರಿಸದಿರುವುದು. ಅಷ್ಟೇ ಅಲ್ಲ. ಯಂತ್ರಗಳ ಘಟನಾಕ್ರಮವನ್ನು ತಾನು ವಿವರಿಸದಿರುವುದು ಅಜ್ಞಾನದಿಂದಲ್ಲ, ಗೋಪ್ಯವನ್ನು ಕಾಯುವುದಕ್ಕಾಗಿ ಎಂದೂ ಗ್ರಂಥಕಾರನು ಸ್ಪಷ್ಟವಾಗಿ ಹೇಳಿಕೊಂಡಿದ್ದಾನೆ! ಮಂಡ್ಯದ ಅಂಗಡಿಯವನ ಮಾತಿಗೂ ಮಹಾರಾಜನ ಮಾತಿಗೂ ಎಷ್ಟು ದೂರ?

ಬಹಳ ಹೊತ್ತು ಯೋಚಿಸಿದ ಮೇಲೆ ಆ ಎರಡು ಮಾತುಗಳನ್ನು ಬೇರ್ಪಡಿಸಿ ನೋಡಬೇಕೆಂದು ತೋರಿತು. ಗೋಚರಿಸದಿರುವುದು ಬೇರೆ, ತೆರೆಯಗೊಡದಿರುವುದು ಬೇರೆ. ಮೊದಲನೆಯದು ಮರೆ, ಎರಡನೆಯದು ಮುದ್ರೆ. ಅಡಿಗೆಮನೆಯ ಹೊಗೆ ಪಂಕ್ತಿಗೆ ಬಾರದಂತೆ ನಡುವೆ ಗೋಡೆಯೆಬ್ಬಿಸುವುದು ಅತಿಥಿಗೆ ತೋರುವ ಮರ್ಯಾದೆ. ಅಡಿಗೆಮನೆಯ ಬಾಗಿಲಿಗೆ ಬೀಗ ಹಾಕಿ ಮನೆಯೊಡತಿಯನ್ನೇ ಹೊರಗೆ ನಿಲ್ಲಿಸುವುದು ಬೇರೆಯ ಮಾತು. ನನ್ನ ಎರಡು ಕಣ್ಣುಗಳಲ್ಲಿಯೂ ಪೊರೆ ತೆಗೆದು ಮಸೂರಗಳನ್ನಿಟ್ಟಿದ್ದಾರೆ. ಅವನ್ನು ನಾನು ತೆರೆದು ನೋಡಬೇಕೆಂದು ಯಾವ ವಿವೇಕಿಯೂ ಹೇಳನು. ಮರೆಯೂ ಮುದ್ರೆಯೂ ಅಲ್ಲಿ ಬಳಸುವವನ ಹಿತಕ್ಕಾಗಿಯೇ ಇವೆ. ಫೋನಿಗೂ ನೀರು, ಧೂಳುಗಳು ಹೋಗಬಾರದೆಂದು ಅಂಟು ಹಾಕುವರೆಂದು ಬಲ್ಲವರು ಹೇಳುತ್ತಾರೆ, ಅದನ್ನು ಅಲ್ಲಗಳೆಯುವುದಿಲ್ಲ. ಹಾಗಾದರೆ ಕೇಳತಕ್ಕ ಪ್ರಶ್ನೆ ಇದು: ಮುದ್ರೆಯೊತ್ತಿದವನು ಅದನ್ನು ಯಾರ ಹಿತಕ್ಕಾಗಿ ಒತ್ತಿದನು, ಮತ್ತು ಅವಶ್ಯಕವಾದಾಗ ಒಡೆಯದೆ ತೆರೆಯುವ ದಾರಿಯನ್ನು ಯಾರಿಗಾದರೂ ಕಲಿಸಿದನೇ? ಭೋಜನಾದರೂ ಪರಂಪರೆಯ ಕೌಶಲ, ಉಪದೇಶ, ಶಾಸ್ತ್ರಾಭ್ಯಾಸ, ನಿರ್ಮಲವಾದ ಬುದ್ಧಿ ಉಳ್ಳವನಿಗೆ ಬಾಗಿಲು ತೆರೆದಿದೆಯೆಂಬ ಅರ್ಥದಲ್ಲಿಯೇ ಮಾತಾಡುತ್ತಾನೆ.

ಈ ಪ್ರಶ್ನೆ ಈಗ ಲೋಕದಲ್ಲಿ ದೊಡ್ಡ ಚರ್ಚೆಯಾಗಿದೆಯೆಂದು ಮಗಳು ಓದಿ ಹೇಳಿದಳು. ಹಾಲೆಂಡಿನಲ್ಲಿ 2013ರಲ್ಲಿ ಸ್ಥಾಪಿತವಾದ ಫೇರ್‌ಫೋನ್ ಎಂಬ ಸಂಸ್ಥೆಯವರು ಬಳಸುವವನೇ ಚಿಕ್ಕ ತಿರುಪುಳಿಯಿಂದ ಬಿಚ್ಚಿ ಭಾಗಗಳನ್ನು ಬದಲಿಸಬಹುದಾದ ಫೋನನ್ನು ಮಾಡುತ್ತಿದ್ದಾರೆ. ಫ್ರಾನ್ಸ್ ದೇಶದಲ್ಲಿ 2021ರಿಂದ ಇಂತಹ ವಸ್ತುಗಳಿಗೆ, ಅವನ್ನು ಎಷ್ಟು ಸುಲಭವಾಗಿ ದುರಸ್ತಿ ಮಾಡಬಹುದೆಂಬುದಕ್ಕೆ, ನಾವು ಹುಡುಗರಿಗೆ ಕೊಡುವ ಹಾಗೆ ಹತ್ತಕ್ಕೆ ಇಷ್ಟೆಂದು ಅಂಕಗಳನ್ನು ಕೊಡತೊಡಗಿದರು. ಯೂರೋಪಿನ ಒಕ್ಕೂಟವು 2023ರಲ್ಲಿ ಮಾಡಿದ ಶಾಸನದಂತೆ 2027ರ ಫೆಬ್ರವರಿಯಿಂದ, ಕೆಲವು ವಿನಾಯಿತಿಗಳೊಡನೆ, ಬಳಸುವವನೇ ತೆಗೆದು ಹಾಕಬಹುದಾದ ಬ್ಯಾಟರಿಗಳಿರತಕ್ಕದ್ದು. ನಮ್ಮ ಸರ್ಕಾರವೂ 2022ರಲ್ಲಿ ದುರಸ್ತಿಯ ಹಕ್ಕನ್ನು ವಿಚಾರಿಸಲು ಸಮಿತಿಯನ್ನು ನೇಮಿಸಿತು. ಫೋನುಗಳ ಜೊತೆಗೆ ಬೇಸಾಯದ ಉಪಕರಣಗಳನ್ನೂ ಅದರಲ್ಲಿ ಸೇರಿಸಿದುದು ನಮ್ಮ ಜಿಲ್ಲೆಯ ರೈತರು ಗಮನಿಸತಕ್ಕ ಸಂಗತಿ. 2022ರ ಒಂದೇ ವರ್ಷದಲ್ಲಿ ಲೋಕವು 6 ಕೋಟಿ 20 ಲಕ್ಷ ಟನ್ನುಗಳಷ್ಟು ವಿದ್ಯುದುಪಕರಣಗಳ ಕಸವನ್ನು ಎಸೆಯಿತೆಂದೂ, ಅದರಲ್ಲಿ ಕ್ರಮವಾಗಿ ಸಂಗ್ರಹವಾದುದು ಕಾಲುಪಾಲಿಗಿಂತ ಕಡಮೆಯೆಂದೂ ವಿಶ್ವಸಂಸ್ಥೆಯ ವರದಿಯಿದೆ.

ಇನ್ನು ನನ್ನ ಫೋನಿನ ಕಥೆ. ಮದ್ದೂರಿನಲ್ಲಿ ರಸ್ತೆಯ ಬದಿಯ ಒಂದು ಗೂಡಂಗಡಿಯಲ್ಲಿ ಇಪ್ಪತ್ತೈದರೊಳಗಿನ ಯುವಕನೊಬ್ಬನು ಇಂತಹವನ್ನು ಸರಿಮಾಡುವನೆಂದು ಕೇಳಿ ಹೋದೆನು. ನಾನು ಅಂಗಡಿಯವನ ಮಾತನ್ನು ಹೇಳಿದೆನು. “ಬಿಚ್ಚಕ್ಕಾಗಲ್ಲ ಅಂತ ಯಾರ್ ಹೇಳಿದ್ದು ಮೇಷ್ಟ್ರೇ? ಕೂಡ್ಸಿರೋನೂ ಮನುಷ್ಯನೇ ಅಲ್ವಾ?” ಎಂದನು. ಅಂಚುಗಳಿಗೆ ಹದವಾಗಿ ಬಿಸಿ ಕೊಟ್ಟು ಅಂಟನ್ನು ಮೆತ್ತಗೆ ಮಾಡಿ, ತೆಳುವಾದೊಂದು ಪ್ಲಾಸ್ಟಿಕ್ಕಿನ ಚೂರನ್ನು ಸಂದಿನಲ್ಲಿ ಸುತ್ತ ಆಡಿಸಿ ಬೆನ್ನನ್ನು ಎತ್ತಿದನು. ಉಬ್ಬಿದ ಬ್ಯಾಟರಿಯನ್ನು ಚುಚ್ಚಿಕೊಳ್ಳದಂತೆ ತೆಗೆಯುವಾಗ ಅವನ ಉಸಿರು ನಿಂತಿದ್ದಿತು. ತೂತಾದರೆ ಬೆಂಕಿ ಹತ್ತುವುದಂತೆ. ನಾನು ಜೀವಮಾನದಲ್ಲಿ ಕಂಡ ಒಳ್ಳೆಯ ಅರ್ಚಕರ ಕೈಗಳಲ್ಲಿಯೂ ಅಷ್ಟು ಎಚ್ಚರವನ್ನು ಕಂಡುದಿಲ್ಲ. ಬೇರೆಯದನ್ನು ಕೂಡಿಸಿ ಪರೀಕ್ಷೆಗೆಂದು ಏನನ್ನೋ ಒತ್ತಿದನು. ನನ್ನ ಹೆಂಡತಿಯ ಧ್ವನಿಯು ಮದ್ದೂರಿನ ಬೀದಿಯಲ್ಲಿ, ಬಸ್ಸುಗಳ ಸದ್ದಿನ ನಡುವೆ, ಹಸೆಗೆ ಕರೆಯತೊಡಗಿತು.

ಆ ಕ್ಷಣದಲ್ಲಿ ಸಂತೋಷವಾಯಿತೆಂದರೆ ಅರ್ಧ ಸತ್ಯ. ನೆರೆಯವರೆದುರು ಒಂದು ಚರಣ ಹಾಡಲೂ ನಾಚುತ್ತಿದ್ದವಳು ಆಕೆ. ಪಕ್ಕದಲ್ಲಿ ಎಳನೀರು ಕುಡಿಯುತ್ತಿದ್ದವರು ತಿರುಗಿ ನೋಡಿದರು. “ನಿಲ್ಲಿಸಪ್ಪ” ಎಂದೆನು. ಹುಡುಗನು ತಕ್ಷಣ ನಿಲ್ಲಿಸಿ, “ತಪ್ಪಾಯ್ತು ಮೇಷ್ಟ್ರೇ” ಎಂದು ತಲೆ ತಗ್ಗಿಸಿದನು. ತೆರೆಯಬಲ್ಲವನಿಗೆ ಒಳಗಿರುವುದೆಲ್ಲವೂ ಕಾಣುತ್ತದೆ, ಕೇಳುತ್ತದೆ. ಮುದ್ರೆಯನ್ನು ಬೈಯುತ್ತ ಬಂದವನಿಗೆ ಮುದ್ರೆಯ ಪರವಾಗಿಯೂ ಒಂದು ಮಾತಿದೆಯೆಂಬುದು ಅಲ್ಲಿ ತಿಳಿಯಿತು; ಆ ಮಾತಿಗೆ ನನ್ನಲ್ಲಿ ಇಂದಿಗೂ ಪೂರ್ಣವಾದ ಉತ್ತರವಿಲ್ಲ. ಹುಡುಗನ ಸಭ್ಯತೆಯೇ ಅಲ್ಲಿ ಬೀಗವಾಯಿತು, ಆದರೆ ಎಲ್ಲರಲ್ಲಿಯೂ ಆ ಬೀಗವಿರುವುದೆಂದು ಹೇಗೆ ನಂಬುವುದು?

ಯಂತ್ರ ಮಾಡುವವರನ್ನು ಇಷ್ಟು ವಿಚಾರಿಸಿದವನು ತನ್ನ ಕಸುಬನ್ನೂ ವಿಚಾರಿಸಬೇಕಷ್ಟೆ. ಒಮ್ಮೆ ಎಂಟನೆಯ ತರಗತಿಯಲ್ಲಿ ಕಮ್ಮಾರರ ಮನೆಯ ಹುಡುಗನೊಬ್ಬನು ಎದ್ದು ನಿಂತು, ದೇವೇನ ಎಂಬಲ್ಲಿ ನಕಾರವಿದೆಯಲ್ಲ, ರಾಮೇಣ ಎಂಬಲ್ಲಿ ಣಕಾರವೇಕೆ ಎಂದು ಕೇಳಿದನು. ಅದೇ ಪದದಲ್ಲಿ ಹಿಂದೆ ರೇಫವಿರುವುದರಿಂದ ಎಂದು ಎರಡು ನಿಮಿಷದಲ್ಲಿ ಹೇಳಬಹುದಾಗಿತ್ತು. ಸೂತ್ರವು ನನ್ನ ನಾಲಗೆಯ ತುದಿಯಲ್ಲಿದ್ದಿತು. “ಅದು ಹಾಗೆಯೇ. ಬಾಯಿಪಾಠ ಮಾಡು” ಎಂದೆನು. ಗೋಪ್ಯಕ್ಕಾಗಿಯೂ ಅಲ್ಲ, ಅಜ್ಞಾನದಿಂದಲೂ ಅಲ್ಲ. ಸೋಮಾರಿತನ, ಸ್ವಲ್ಪ ಗರ್ವ. ಅವನು ಕುಳಿತುಕೊಂಡನು. ಆ ವರ್ಷವೆಲ್ಲ ಮತ್ತೊಂದು ಪ್ರಶ್ನೆಯನ್ನು ಕೇಳಲಿಲ್ಲ.

ಮಗಳು ಈಗ ಆ ಹಾಡುಗಳನ್ನೆಲ್ಲ ಕೇಳಿ ಕೇಳಿ ಒಂದು ನೋಟುಪುಸ್ತಕದಲ್ಲಿ ಬರೆಯುತ್ತಿದ್ದಾಳೆ. ಹದಿನೇಳು ಹಾಡುಗಳಾಗಿವೆ. ಆರತಿಯ ಹಾಡೊಂದರ ಮೂರನೆಯ ಚರಣದಲ್ಲಿ ಒಂದು ಶಬ್ದವು ಎಷ್ಟು ಸಲ ಕೇಳಿದರೂ ತಿಳಿಯದು. ಧ್ವನಿ ಸ್ಪಷ್ಟವಾಗಿಯೇ ಇದೆ. ಶಬ್ದವು ನಮಗೆ ಹೊಸದು. ನಾನು ಕೋಶಗಳನ್ನು ಹುಡುಕಿದೆನು, ಸಿಕ್ಕಲಿಲ್ಲ. ಅವಳ ತವರಿನ ಕಡೆಯ ಮುದುಕಿಯೊಬ್ಬರು ಕಿರುಗಾವಲಿನಲ್ಲಿರುವರಂತೆ. ಬರುವ ವಾರ ಹೋಗಿ ಕೇಳಬೇಕೆಂದಿದ್ದೇವೆ. ಅದುವರೆಗೆ ಆ ಸ್ಥಳದಲ್ಲಿ ಮಗಳು ಸೀಸದಕಡ್ಡಿಯಿಂದ ಮೂರು ಚುಕ್ಕೆಗಳನ್ನಿಟ್ಟಿದ್ದಾಳೆ.