ಸ್ವತಂತ್ರ ಗಾಯಕನ ಋಣ

ಯಾರ ಆಶ್ರಯವನ್ನೂ ಬಯಸದೆ ಹಾಡುವವನು ನಿಜವಾಗಿ ಸ್ವತಂತ್ರನೇ? ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರ ವಾದ್ಯವೃಂದವನ್ನು ನೋಡಬಹುದು. ಪಾಶ್ಚಾತ್ಯ ರಾಕ್ ಸಂಗೀತವನ್ನು ಜನಪದ ಧಾಟಿಯೊಡನೆ ಬೆರೆಸಿದ ಈ ವೃಂದದ ಮೊದಲ ಧ್ವನಿಮುದ್ರಿಕೆ 2008ರಲ್ಲಿ ಹೊರಬಂದಿತು. ಹೊರತಂದವರು ವಿಶಾಲ್–ಶೇಖರ್ ಎಂಬ ಚಲನಚಿತ್ರ ಸಂಗೀತ ನಿರ್ದೇಶಕರು. ದೊಡ್ಡ ಕಂಪೆನಿಯ ಹಂಗು ತಪ್ಪಿತೇ ಹೊರತು ಹಂಗೇ ತಪ್ಪಲಿಲ್ಲ.

ಇನ್ನೊಂದು ಋಣವು ಇದಕ್ಕಿಂತ ಸೂಕ್ಷ್ಮವಾದುದು. ಆ ಮುದ್ರಿಕೆಯಲ್ಲಿ ಶಿಶುನಾಳ ಶರೀಫರ ಪದವುಂಟು. ಶರೀಫರು 1889ರಲ್ಲಿ ಗತಿಸಿದರು. ಕರ್ತೃವು ತೀರಿ 60 ವರ್ಷ ಕಳೆದ ಬಳಿಕ ಭಾರತದ ಕಾಯಿದೆಯಲ್ಲಿ ಕೃತಿಗೆ ಸಾಮಾನ್ಯವಾಗಿ ಒಡೆಯನಿಲ್ಲ. ಕಾಯಿದೆ ಕೇಳದ ಸಾಲವನ್ನು ಧರ್ಮವೂ ಕೇಳಬಾರದೇ?

ಮಳವಳ್ಳಿ ಸೀಮೆಯ ನೀಲಗಾರರ ರೀತಿ ಬೇರೆ. ಬೊಪ್ಪೇಗೌಡನಪುರದ ಮಠಕ್ಕೆ ನಡೆದುಕೊಳ್ಳುವ ಇವರು ದೀಕ್ಷೆ ಪಡೆದು, ತಂಬೂರಿ ಮೀಟುತ್ತ, ಗಗ್ಗರ ನುಡಿಸುತ್ತ ಮಂಟೇಸ್ವಾಮಿಯ ಕಥೆ ಹಾಡಿ ಭಿಕ್ಷೆ ಸ್ವೀಕರಿಸುವರು. ಮಂಡ್ಯ, ಮದ್ದೂರುಗಳ ಮನೆಗಳಿಗೂ ಆ ಹಾಡು ಹೊಸದಲ್ಲ. ನೀಲಗಾರನು ಗುರುವಿಗೆ ಕಟ್ಟುಬಿದ್ದವನು. ಆದರೂ ಇರುಳೆಲ್ಲ ಹಾಡುವಾಗ ಕಥೆಯನ್ನು ಕೇಳುವವರ ಮನವರಿತು ಹಿಗ್ಗಿಸುವನು, ಕುಗ್ಗಿಸುವನು. ಕಟ್ಟೂ ಬಿಡುಗಡೆಯೂ ಅವನಲ್ಲಿ ಜಗಳವಾಡುವುದಿಲ್ಲ.

ವಾದ್ಯವೃಂದಕ್ಕೆ ಅಂಥ ಗುರುವಿಲ್ಲ, ಭಿಕ್ಷೆಯೂ ಇಲ್ಲ. ಟಿಕೆಟ್ಟಿನ ಹಣವು ವಾದಕರಿಗೂ ಧ್ವನಿಯಂತ್ರದವರಿಗೂ ಸಲ್ಲಬೇಕು, ಅದರಲ್ಲಿ ತಪ್ಪೇನು? ಆದರೆ ಪದ ಕೇಳಿದ ನಗರದ ಹುಡುಗನೊಬ್ಬನು ಅದನ್ನು ಕಟ್ಟಿದವರು ಯಾರೆಂದು ವಿಚಾರಿಸುತ್ತ ಶಿಶುನಾಳಕ್ಕೆ ಹೋದರೆ, ಸಾಲದ ಒಂದು ಕಂತಾದರೂ ಸಂದಿತೆನ್ನಬಹುದು.