ಅಗ್ಗದ ಬೆಲೆಯ ಭಾರ ಯಾರ ಮೇಲೆ?

ಒಂದು ದೇಶ ಸಿರಿವಂತವಾಗಿ ಇನ್ನೊಂದು ಬಡವಾಗಿರುವುದಕ್ಕೆ ಕಾರಣವೇನೆಂದರೆ ಸಾಮಾನ್ಯವಾಗಿ ದೊರೆಯುವ ಉತ್ತರಗಳು ಎರಡು: ಪೂರ್ವಕರ್ಮ, ಇಲ್ಲವೇ ಸೋಮಾರಿತನ. ಎರಡರಲ್ಲಿಯೂ ಉತ್ತರ ಹೇಳುವವನ ಹೊಣೆ ಏನೂ ಉಳಿಯುವುದಿಲ್ಲ. ಆದುದರಿಂದಲೇ ಇವು ವಿಚಾರಣೀಯವಾಗಿವೆ.

ಕೊಯಮತ್ತೂರು ಸೀಮೆಯನ್ನೇ ನೋಡಬಹುದು. ಇಲ್ಲಿ ಮಳೆ ಕಡಿಮೆ. ನೊಯ್ಯಲ್ ನದಿ ವರ್ಷವಿಡೀ ಹರಿಯುವುದಲ್ಲ. ಆದರೂ 1888ರಲ್ಲಿ ನೂಲಿನ ಗಿರಣಿ ಆರಂಭವಾಯಿತು. 1930ರ ದಶಕದಲ್ಲಿ ನೀಲಗಿರಿಯ ಪೈಕಾರಾದಿಂದ ಜಲವಿದ್ಯುತ್ ಬಂದ ಮೇಲೆ ಗಿರಣಿಗಳು ಹೆಚ್ಚಿದವು. ತಿರುಪ್ಪೂರಿನ ಬನಿಯನ್ ಉದ್ಯಮದಲ್ಲಿ ಕೂಲಿಗೆ ಸೇರಿದ ಅನೇಕ ಒಕ್ಕಲು ಮಕ್ಕಳು ಮುಂದೆ ಮಾಲೀಕರಾದರು. ನೆಲ ಬದಲಾಗಲಿಲ್ಲ, ಜನರ ಸ್ವಭಾವವೂ ಬದಲಾಗಲಿಲ್ಲ. ವಿದ್ಯುತ್ತು, ಬಂಡವಾಳ, ಮಾರುಕಟ್ಟೆ ದೊರೆತವು.

ಬಾಂಗ್ಲಾದೇಶದಲ್ಲಿ ಅದೇ ಬನಿಯನ್ ಹೊಲಿಯುವ ಹೆಣ್ಣುಮಗಳ ದುಡಿಮೆಯೂ ಕಡಿಮೆಯದಲ್ಲ. 2001ರಲ್ಲಿ ಐರೋಪ್ಯ ಒಕ್ಕೂಟವು ಅತಿ ಹಿಂದುಳಿದ ದೇಶಗಳ ಸರಕಿನ ಮೇಲಿನ ಸುಂಕವನ್ನು ತೆಗೆದಾಗ ಆ ದೇಶಕ್ಕೆ ಅನುಕೂಲವಾಯಿತು; ಭಾರತದ ಉಡುಪಿಗೆ ಸುಂಕ ಉಳಿಯಿತು. 2005ರ ಜನವರಿ 1ರಂದು ಜವಳಿಯ ಕೋಟಾ ಪದ್ಧತಿ ಕೊನೆಗೊಂಡ ಮೇಲೆ ಪೈಪೋಟಿ ತೀವ್ರವಾಯಿತು. ದೂರದಲ್ಲಿ ಕುಳಿತವರು ಬರೆದ ನಿಯಮವೊಂದು ಸಾವಿರಾರು ಮನೆಗಳ ಅನ್ನವನ್ನು ಆ ಕಡೆಗೂ ಈ ಕಡೆಗೂ ಸರಿಸಬಲ್ಲದು.

ಎರಡು ಬಡ ದೇಶಗಳು ಬೆಲೆ ಇಳಿಸುವುದರಲ್ಲಿ ಸ್ಪರ್ಧಿಸಿದಾಗ ಇಳಿದ ಹಣ ಎಲ್ಲಿಂದಲೋ ಬರಲೇಬೇಕು. ತಿರುಪ್ಪೂರಿನಲ್ಲಿ ಅದನ್ನು ನೊಯ್ಯಲ್ ತೆತ್ತಿತು. ನೀರಾವರಿಗೆಂದು ಕಟ್ಟಿದ ಒರತ್ತುಪಾಳಯಂ ಅಣೆಕಟ್ಟೆಯಲ್ಲಿ ಬಣ್ಣದ ಕೊಳೆನೀರು ನಿಂತು ಕೆಳಗಿನ ರೈತರ ಹೊಲಗಳು ಕೆಟ್ಟವು. 2011ರ ಜನವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯವು ಬಣ್ಣದ ಘಟಕಗಳನ್ನು ಮುಚ್ಚಲು ಆಜ್ಞಾಪಿಸಬೇಕಾಯಿತು. ಢಾಕಾ ಸಮೀಪದಲ್ಲಿ 2013ರ ಏಪ್ರಿಲ್ 24ರಂದು ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಮಡಿದರು.

ಅಹಿಂಸಾಣುವ್ರತದ ಅತಿಚಾರಗಳಲ್ಲಿ ‘ಅತಿಭಾರಾರೋಪಣ’ವೂ ಒಂದು; ಶಕ್ತಿಮೀರಿ ಹೊರೆ ಹೊರಿಸುವುದು ಎಂದು ಅದರ ಅರ್ಥ. ಎತ್ತಿನ ಬೆನ್ನಿಗೆ ಅನ್ವಯಿಸುವ ಈ ಮಾತು ಕೂಲಿಯವನ ಬೆನ್ನಿಗೂ ಅನ್ವಯಿಸುತ್ತದೆ. ಒಬ್ಬನ ದುಃಖ ಅವನ ಪೂರ್ವಕರ್ಮದ ಉದಯವೆಂದು ಒಪ್ಪಿದರೂ, ಆ ದುಃಖಕ್ಕೆ ನಿಮಿತ್ತನಾದವನಿಗೆ ಹೊಸ ಕರ್ಮಬಂಧ ತಪ್ಪದು. ಕರ್ಮಸಿದ್ಧಾಂತವಿರುವುದು ತನ್ನ ನಡತೆಯನ್ನು ತಿದ್ದಿಕೊಳ್ಳಲಿಕ್ಕೆ, ಪರರ ಬಡತನಕ್ಕೆ ತೀರ್ಪು ಕೊಡಲಿಕ್ಕಲ್ಲ.

ದೇಶದೇಶಗಳ ಸುಂಕವನ್ನು ನಿರ್ಧರಿಸುವುದು ಒಬ್ಬ ಶ್ರಾವಕನ ಕೈಯಲ್ಲಿಲ್ಲ. ಕೊಳ್ಳುವ ಬೆಲೆಯೂ ಕೊಡುವ ಕೂಲಿಯೂ ಅವನ ಕೈಯಲ್ಲಿವೆ. ತಕ್ಕಡಿ ಸರಿಯಾಗಿದ್ದರೆ ಸಾಲದು; ಬೆಲೆಯೂ ಸರಿಯಾಗಿರಬೇಕು.