ದಾರಿ ಯಾರದು?



ಜೆರುಸಲೇಮಿನಿಂದ ಜೆರಿಕೋವಿಗೆ ಇಳಿಯುವ ದಾರಿಯಲ್ಲಿ ಗಾಯಗೊಂಡು ಬಿದ್ದವನ ಸಾಮತಿಯನ್ನು ನಾವೆಲ್ಲರೂ ಬಲ್ಲೆವು. ಯಾಜಕನೂ ಲೇವಿಯನೂ ಪಕ್ಕಕ್ಕೆ ಸರಿದು ಹೋದರು. ಸಮಾರಿಯದವನಾದರೋ ಹತ್ತಿರ ಬಂದು, ಗಾಯ ಕಟ್ಟಿ, ಅವನನ್ನು ತನ್ನ ಸ್ವಂತ ಸವಾರಿಯ ಪ್ರಾಣಿಯ ಮೇಲೆ ಕೂರಿಸಿದನೆಂದು ಸಂತ ಲೂಕರು ಬರೆಯುತ್ತಾರೆ. ಹಾಗಾದರೆ ಸತ್ರದವರೆಗೆ ಆತ ನಡೆದೇ ಹೋಗಿರಬೇಕು! ಪ್ರಬೋಧನೆಗಳಲ್ಲಿ ನಾವು ಎಣ್ಣೆ, ದ್ರಾಕ್ಷಾರಸ, ಎರಡು ನಾಣ್ಯಗಳನ್ನು ನೆನೆಯುತ್ತೇವೆ. ಈ ನಡಿಗೆಯನ್ನು ಮರೆಯುತ್ತೇವೆ.

ಇಂದಿನ ದಾರಿಗಳನ್ನು ನೋಡೋಣ. 2022ರ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ಐವರಿಗೊಬ್ಬರಂತೆ ಕಾಲ್ನಡಿಗೆಯವರು. ಕಾರಿನಲ್ಲಿ ಕುಳಿತವರು ಗಾಜು ಏರಿಸಿಕೊಳ್ಳಬಹುದು. ಬಸ್ ಸ್ಟಾಪಿನಲ್ಲಿ ಮಗುವನ್ನೆತ್ತಿಕೊಂಡು ನಿಂತ ತಾಯಿಗೆ ಆ ಹೊಗೆಯೇ ಗತಿ. ಹೊಗೆ ಬಿಡುವವರೊಬ್ಬರು, ಕುಡಿಯುವವರು ಇನ್ನೊಬ್ಬರು. ಇದು ಬರೀ ಪರಿಸರದ ವಿಷಯವಲ್ಲ, ನ್ಯಾಯದ ವಿಷಯ.

ಪವಿತ್ರ ಸಭೆ ಈ ಬಗ್ಗೆ ಸುಮ್ಮನಿಲ್ಲ. ರಸ್ತೆ ಬಳಸುವವರಿಗಾಗಿ 2007ರಲ್ಲಿ ವ್ಯಾಟಿಕನ್ ಹತ್ತು ನಿಯಮಗಳನ್ನೇ ಕೊಟ್ಟಿತು. ಕೊಲ್ಲಬಾರದೆಂಬುದೇ ಅದರಲ್ಲಿ ಮೊದಲನೆಯದು. ಪೋಪ್ ಫ್ರಾನ್ಸಿಸರು 2015ರ 'ಲೌದಾತೊ ಸೀ' ವಿಶ್ವಪತ್ರದಲ್ಲಿ, ಒಬ್ಬಿಬ್ಬರನ್ನು ಹೊತ್ತ ಕಾರುಗಳು ನಗರಗಳನ್ನು ತುಂಬುವುದನ್ನು ಎತ್ತಿ ತೋರಿಸಿ, ಸಾರ್ವಜನಿಕ ಸಾರಿಗೆಗೆ ಆದ್ಯತೆ ಬೇಕೆಂದರು. ಜನರನ್ನು ಕುರಿಗಳಂತೆ ತುಂಬುವ ಬಸ್ಸು ರೈಲುಗಳನ್ನು ಸುಧಾರಿಸದೆ ಆ ಮಾತಿಗೆ ಬೆಲೆಯಿಲ್ಲವೆಂಬುದೂ ಅವರಿಗೆ ಗೊತ್ತಿತ್ತು.

ಕಾನೂನು ಎಲ್ಲರ ಹಿತಕ್ಕಾಗಿ ಇರಬೇಕೆಂದು ಸಂತ ಥಾಮಸ್ ಅಕ್ವಿನಾಸರು ಕಲಿಸುತ್ತಾರೆ. ರಸ್ತೆಯ ಯೋಜನೆಗೂ ಇದೇ ಒರೆಗಲ್ಲು. ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿಲೋಮೀಟರ್ ಉಕ್ಕಿನ ಮೇಲ್ಸೇತುವೆ ಕಟ್ಟಲು ಹೊರಟಾಗ 812 ಮರಗಳು ಉರುಳಬೇಕಿತ್ತು. 2016ರ ಅಕ್ಟೋಬರಿನಲ್ಲಿ ಸಾವಿರಾರು ಜನ ಕೈಕೈ ಹಿಡಿದು ನಿಂತರು. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಮರಗಳು ಉಳಿದವು, ಸಂತೋಷ. ಆದರೆ ಅದೇ ದಾರಿಯಲ್ಲಿ ದಿನವೂ ಕೆಲಸಕ್ಕೆ ಹೋಗುವವರ ಪಾಡು? ಬೇಡವೆಂದು ಕೂಗಲು ಕೂಡಿದಷ್ಟು ಜನ, ಬಸ್ಸು ಕೊಡಿ, ಕಾಲುದಾರಿ ಕೊಡಿ ಎಂದು ಕೇಳಲು ಕೂಡುವುದಿಲ್ಲ. ನನ್ನ ದೃಷ್ಟಿಯಲ್ಲಿ ನಮ್ಮ ದೊಡ್ಡ ಕೊರತೆ ಇದೇ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಉಚಿತವಾಯಿತು. ಬಸ್ಸೇ ಬಾರದ ಊರಿನ ಅಕ್ಕನಿಗೆ ಆ ಟಿಕೆಟಿನಿಂದೇನು?

ಕಾರು ಇಟ್ಟುಕೊಳ್ಳುವುದು ಪಾಪವೆಂದು ಯಾರೂ ತಿಳಿಯಬೇಡಿ. ಲಕ್ವಾ ಹೊಡೆದ ತಂದೆಯನ್ನು ಆಸ್ಪತ್ರೆಗೆ ಒಯ್ಯುವ ಮಗನಿಗೆ, ಸರಿರಾತ್ರಿ ಪಾಳಿ ಮುಗಿಸುವ ನರ್ಸಮ್ಮನಿಗೆ ವಾಹನ ದೇವರ ಕೊಡುಗೆಯೇ. ಹಾಲಿನ ಅಂಗಡಿಗೂ ಅದನ್ನೇ ಹೊರಡಿಸುವುದು ಬೇರೆ ಮಾತು.

ನಮ್ಮ ದೇವಾಲಯಗಳ ಮುಂದೆಯೂ ಒಮ್ಮೆ ಕಣ್ಣು ಹಾಯಿಸಿ. ಭಾನುವಾರದ ಪೂಜೆಗೆ ಒಂದೇ ಬೀದಿಯಿಂದ ಐದು ಕಾರು ಬಂದು ಕಾಲುದಾರಿಯ ಮೇಲೆ ನಿಲ್ಲುತ್ತವೆ. ಜಪಸರ ಹಿಡಿದ ಅಜ್ಜಿ ರಸ್ತೆಗಿಳಿದು ಲಾರಿಗಳ ನಡುವೆ ನಡೆಯುತ್ತಾಳೆ. ನಿಮ್ಮ ವಲಯದ ಮುಂದಿನ ಸಭೆಯಲ್ಲಿ ಎರಡು ವಿಷಯ ಮಾತಾಡಿ: ಯಾರ ಕಾರಿನಲ್ಲಿ ಯಾರಿಗೆ ಜಾಗವಿದೆ, ಮತ್ತು ಬಸ್ಸಿಗಾಗಿ ಸಾರಿಗೆ ಡಿಪೋಗೆ ಬರೆಯುವ ಅರ್ಜಿಗೆ ಯಾರ್ಯಾರು ಸಹಿ ಹಾಕುತ್ತೀರಿ. ಆ ಅಜ್ಜಿಯನ್ನೂ ಸಭೆಗೆ ಕರೆಯಿರಿ. ಎಲ್ಲಿ ಬಸ್ಸು ನಿಲ್ಲುವುದಿಲ್ಲವೆಂಬುದು ಅವಳಿಗೆ ಗೊತ್ತು.